ಚಪ್ಪಡಿಯ ಕೆಳಗಿನ ತಂಪು

ಏಳನೆಯ ನೀಲಿ ಚುಕ್ಕೆಯೂ ಸುಳ್ಳಾಯಿತು. ಉಪಗ್ರಹ ತೆಗೆದ ಶಾಖದ ಚಿತ್ರದಲ್ಲಿ ನೆಲ ತಂಪಾಗಿರುವ ಕಡೆಯೆಲ್ಲ ನೀಲಿ. ಅಲ್ಲಿ ನಿಜವಾಗಿ ಒರತೆ ಇದೆಯೇ ಎಂದು ನಡೆದು ನೋಡಿ ಬರುವುದು ತಹಸೀನಳ ಕೆಲಸ. ಹಂಗಳ ಊರಿನಾಚೆಯ ಈ ಚುಕ್ಕೆಯಲ್ಲಿದ್ದದ್ದು ಬೋರ್‌ವೆಲ್ ನೀರು ಕುಡಿದು ನಿಂತ ಬಾಳೆತೋಟ. ಫಾರಂನಲ್ಲಿ 'ಒರತೆ ಇಲ್ಲ' ಎಂದು ಬರೆದು ಬದುವಿನ ಮೇಲೆ ಕುಸಿದು ಕೂತಳು. ಐದೂಕಾಲರ ಬಸ್ಸು ಸಿಕ್ಕರೆ, ಗುಂಡ್ಲುಪೇಟೆಯಲ್ಲಿ ಜ್ವರ ಬಂದು ಮಲಗಿರುವ ಮಗ ಹುಜೈಫಾ ನಿದ್ದೆ ಹೋಗುವ ಮೊದಲು ಮನೆ ಸೇರಬಹುದು.

ಬೆಳಗಿನಿಂದ ಹಿಂದೆಯೇ ಬಂದಿದ್ದ, ಪಕ್ಕದ ಹಟ್ಟಿಯ ಪುಟ್ಟಸಿದ್ದಮ್ಮ ಬಗ್ಗಿ ನೋಡಿದಳು.

"ಇಲ್ಲ ಅಂತ ಬರ್ದ್‌ಬುಟ್ರಾ?"

"ಇಲ್ಲಿಲ್ವಲ್ಲಮ್ಮ."

"ಇಲ್ಲಿಲ್ಲ ಕಣವ್ವ. ನಮ್ಮ್ ಅಟ್ಟಿ ಹಿಂದ್ಗಡೆ ಅದೆ."

"ಬೆಳಿಗ್ಗೇನೇ ಹೇಳ್ಬಾರ್ದಿತ್ತಾ?"

"ನೀವು ಕಾಗ್ದ ನೋಡ್ಕಂಡೇ ಓಯ್ತಿದ್ರಿ. ನಮ್ಮನ್ನ ಯಾವಾಗ ಕೇಳಿದ್ರಿ?"

ಅವಳ ಹಿಂದೆ ನಡೆದು ಹೋದರೆ ಹದಿನೆಂಟು ಮನೆಗಳ ಹಟ್ಟಿ. ಅದರ ಹಿಂದೆ ಸೀಗೆಮುಳ್ಳು ಸರಿಸಿ, ಕಲ್ಲುಚಪ್ಪಡಿ ಎತ್ತಿದರೆ ಬಿಂದಿಗೆಯ ಬಾಯಷ್ಟಗಲದ ನೀರು.

"ಆನೆಗೆ ವಾಸ್ನೆ ಒಡೀಬಾರ್ದು ಅಂತ ಮುಚ್ಚಿದ್ದೀವಿ. ಮ್ಯಾಲಿಂದ ಫೋಟೋ ತಗಿಯೋನು ಯಾವತ್ತು ಬತ್ತನೆ ಅಂತ ಏಳಿದ್ರೆ, ಅವತ್ತೊಂದಿನ ತಗದ್ ಮಡಗ್ತಿದ್ವಿ."

ತಹಸೀನಳಿಗೆ ಆ ದಿನ ಮೊದಲ ಸಲ ನಗು ಬಂತು. ಆ ಚಿತ್ರದ ಒಂದೊಂದು ಚುಕ್ಕೆಯೂ ಬಾಳೆತೋಟದಷ್ಟು ಅಗಲ, ತೆರೆದಿಟ್ಟಿದ್ದರೂ ಇಷ್ಟು ನೀರು ಕಾಣುತ್ತಿರಲಿಲ್ಲ ಎಂದು ವಿವರಿಸುವ ತ್ರಾಣ ಅವಳಲ್ಲಿರಲಿಲ್ಲ.

"ಈ ಸಲ ಒರತೆ ಪಟ್ಟೀಲಿ ಬರ್ನಿಲ್ಲ ಅಂದ್ರೆ ತೊಟ್ಟಿ, ಪೈಪು ಯಾವ್ದೂ ಇಲ್ಲ ಅಂದ್ರು ಪಂಚಾಯ್ತೀಲಿ," ಎಂದಳು ಪುಟ್ಟಸಿದ್ದಮ್ಮ. "ಒಂದ್ ಬಿಂದ್ಗೆ ತುಂಬಾಕೆ ಅರ್ಧ ಗಂಟೆ ಕೂತ್ಕತೀವಿ."

ಪಟ್ಟಿ ಕಚೇರಿಗೆ ಹೋಗುವುದು ನಾಳೆ ಬೆಳಿಗ್ಗೆ. ಹೊಸ ಜಾಗವಾದರೆ ಹೊಸ ಫಾರಂ. ಹತ್ತು ನಿಮಿಷಕ್ಕೊಮ್ಮೆಯಂತೆ ಮೂರು ಸಲ ನೀರಿನ ಶಾಖ ಅಳೆಯಬೇಕು. ಬಸ್ಸಿಗೆ ಉಳಿದದ್ದು ಕಾಲು ಗಂಟೆ.

ಅವಳು ಗಂಡನಿಗೆ ಫೋನ್ ಮಾಡಿ, ಮಗನಿಗೆ ಗಂಜಿ ಕುಡಿಸಿ ಮಲಗಿಸಲು ಹೇಳಿದಳು. ಅಮ್ಮ ಎಲ್ಲಿ ಎಂದು ಹಿಂದಿನಿಂದ ಹುಜೈಫಾ ಕೇಳಿದ್ದು ಕೇಳಿಸಿತು. ಫೋನಿಟ್ಟು ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟಳು. ಎರಡನೆಯ ಸಲ ಅಳೆಯುವಾಗ ಊಟಿ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು, ದೂರವಾಯಿತು.

ಮೂರನೆಯದೂ ಆಯಿತು. 'ಚಿತ್ರದಲ್ಲಿನ ಚುಕ್ಕೆಯ ಸಂಖ್ಯೆ' ಎಂಬ ಕಡೆ ಪೆನ್ನು ನಿಂತಿತು. ಆಮೇಲೆ ಬರೆದಳು: 'ಚುಕ್ಕೆ ಇಲ್ಲ. ನೀರು ಇದೆ.'

"ಬರ್ದಾಯ್ತಾ? ಅಂಗಾರೆ ಒಂದ್ ಕೈ ಹಿಡೀರವ್ವ," ಎಂದು ಪುಟ್ಟಸಿದ್ದಮ್ಮ ಚಪ್ಪಡಿಯ ಒಂದು ತುದಿಗೆ ಬಗ್ಗಿದಳು. "ಆನೆ ಬರೊತ್ತಾಯ್ತು. ಗುಂಡ್ಲುಪೇಟೆಗೆ ಓಗೋ ಡೈರಿ ಆಲಿನ್ ವ್ಯಾನ್ ಏಳ್ ಗಂಟ್ಗೆ ಬತ್ತದೆ, ನಿಮ್ಮನ್ನ ಅದ್ಕೆ ಅತ್ತಿಸ್ತೀನಿ."