ಸೊಸೆ ಟೀಚರ್ ಆಗುವ ದಾರಿ

ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಶಾಲೆ ನಡೆಯುತ್ತಿತ್ತು. ಮಕ್ಕಳಿಲ್ಲ, ಗಂಟೆಯಿಲ್ಲ. ಟೀಚರ್ ಮಾತ್ರ ಇದ್ದಳು, ಅವಳೂ ನಿದ್ದೆಯಲ್ಲಿ.

ನಾನು ಹಾಸಿಗೆ ಹೊಲಿಯುವವಳು. ಮುಂದಿನ ಕೋಣೆಯೇ ನನ್ನ ಅಂಗಡಿ. ಹತ್ತಿ ಹಿಂಜಿ ಗುಡ್ಡೆ ಹಾಕಿದರೆ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಲೇ ಇರುತ್ತವೆ. ಕೆಳಗಿಳಿಯಲು ಅವಕ್ಕೆ ಯಾವ ಅವಸರವೂ ಇಲ್ಲ. ಆ ಗುಡ್ಡೆಗೆ ಒರಗಿದರೆ ಎಂಥವರಿಗೂ ಕಣ್ಣು ಎಳೆಯುತ್ತದೆ. ನನ್ನ ಸೊಸೆ ದಿಂಬಿನ ಗವಸು ಕೈಯಲ್ಲಿ ಹಿಡಿದುಕೊಂಡೇ ನಿದ್ದೆಗೆ ಜಾರುತ್ತಿದ್ದಳು. ಆಮೇಲೆ ಮೆಲ್ಲಗೆ ಪಾಠ ಶುರುವಾಗುತ್ತಿತ್ತು. “ಹಿಂದಿನ ಬೆಂಚಿನವರು ಮುಂದೆ ಬನ್ನಿ” ಎನ್ನುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರು ಇದನ್ನು ಕೇಳಿ, ತಮಗೇ ಹೇಳಿದ್ದೆಂದು ಮುಂದೆ ಬಂದು ನಿಂತಿದ್ದರು.

ಎದ್ದ ಮೇಲೆ ಅವಳು ಕನಸು ಹೇಳುತ್ತಿದ್ದಳು. ದೊಡ್ಡ ದೊಡ್ಡ ಕಿಟಕಿಗಳ ಕೋಣೆ, ಹಾಲಿನಂಥ ಬೆಳಕು, ಸಾಲಾಗಿ ಕೂತ ಮಕ್ಕಳು. ತಾನು ಲೆಕ್ಕ ಹೇಳುತ್ತಿದ್ದರೆ ಎಲ್ಲರೂ ತಲೆದೂಗುತ್ತಾರಂತೆ. ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲವಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಅವಳು ಗಣಿತದಲ್ಲಿ ಪದವಿ ಮಾಡಿದವಳು. ಮದುವೆಯಾಗಿ ಬಂದು ಹತ್ತಿಯೊಳಗೆ ಮುಳುಗಿದಳು. ಈ ವರ್ಷ ಒಂದು ದಿನ ಧೈರ್ಯ ಮಾಡಿ, ವಿಶ್ವವಿದ್ಯಾಲಯದ ಶಿಕ್ಷಕರ ತರಬೇತಿಗೆ ಅರ್ಜಿ ಕರೆದಿದ್ದಾರೆ, ಸೇರಲೇ ಎಂದು ಕೇಳಿದಳು. ಎರಡು ವರ್ಷದ ಓದು, ದಿನಾ ಹೋಗಬೇಕು ಎಂದಳು. ನನಗೆ ಪಿತ್ತ ನೆತ್ತಿಗೇರಿತು. ನನಗೆ ದಬ್ಬಣ ಹಿಡಿಯಲು ಯಾವ ವಿಶ್ವವಿದ್ಯಾಲಯ ಕಲಿಸಿತ್ತು? ಪದವಿ ಇದೆ, ಲೆಕ್ಕ ಬರುತ್ತದೆ, ನಿದ್ದೆಯಲ್ಲೂ ಪಾಠ ಹೇಳುತ್ತಾಳೆ. ಇನ್ನೇನು ಕಲಿಯುವುದಿದೆ?

ಅದೇ ವಾರ ಕೋಟು ಹಾಕಿದ ಮಹಾಶಯನೊಬ್ಬ ಹಾಸಿಗೆ ಮಾಡಿಸಲು ಬಂದ. ನಮ್ಮ ಮಾತು ಅವನ ಕಿವಿಗೆ ಬಿತ್ತು. ಅವನದೇ ಒಂದು ತರಬೇತಿ ಕೇಂದ್ರ ಇದೆಯಂತೆ. ಮನೆಯಲ್ಲೇ ಕೂತಿದ್ದರೆ ಸಾಕು, ಕೆಲವೇ ತಿಂಗಳಲ್ಲಿ ಶಿಕ್ಷಕಿಯ ಪ್ರಮಾಣಪತ್ರ ಕೈಗೆ ಬರುತ್ತದಂತೆ. ಮೂಲ ಅಂಕಪಟ್ಟಿಗಳನ್ನು ಕೊಟ್ಟುಬಿಟ್ಟರೆ ಉಳಿದದ್ದು ಅವನ ಜವಾಬ್ದಾರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸೊಸೆಯ ಆಸೆಯೂ ತೀರಿತು, ನನ್ನ ಕೆಲಸವೂ ನಿಲ್ಲುವುದಿಲ್ಲ. ಸೋಮವಾರ ಬನ್ನಿ, ಕಾಗದಪತ್ರ ತೆಗೆದಿಟ್ಟಿರುತ್ತೇವೆ ಎಂದೆ. ಸೊಸೆ ತಲೆ ತಗ್ಗಿಸಿ ಸರಿ ಎಂದಳು.

ಎದುರು ಮನೆಯ ಟೀಚರ್ ದಿಂಬಿಗೆ ಹೊಸ ಹತ್ತಿ ತುಂಬಿಸಿಕೊಳ್ಳಲು ಬಂದಾಗ ಈ ಸುದ್ದಿಯನ್ನು ನಾನೇ ಹೆಮ್ಮೆಯಿಂದ ಹೇಳಿದೆ. ಅವರು ದಿಂಬು ಕೆಳಗಿಟ್ಟರು.

“ಅಮ್ಮ, ಆ ಕೇಂದ್ರಕ್ಕೆ ಸರ್ಕಾರದ ಮಾನ್ಯತೆ ಇದೆಯಾ ಅಂತ ಕೇಳಿದ್ರಾ?”

“ಅವರು ಇಷ್ಟು ದೊಡ್ಡ ಕೋಟು ಹಾಕಿದ್ರು, ಟೀಚರ್.”

“ಕೋಟಿಗೆ ಮಾನ್ಯತೆ ಯಾರೂ ಕೊಡಲ್ಲ. ಕಾಲೇಜಿಗೆ ಕೊಡ್ತಾರೆ. ಅದಿಲ್ಲದ ಕಡೆಯ ಕಾಗದ ತಗೊಂಡು ನಾಳೆ ಕೆಲಸ ಕೇಳಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ.”

ಟೀಚರ್ ಅಲ್ಲೇ ಹತ್ತಿಯ ಮೇಲೆ ಕೂತು ನನಗೆ ತಿಳಿಯುವ ಹಾಗೆ ಹೇಳಿದರು. ಸೇರುವುದಕ್ಕೇ ಪದವಿಯಲ್ಲಿ ಇಷ್ಟು ಅಂಕ ಇರಬೇಕು ಎಂಬ ನಿಯಮವಿದೆ. ಯಾವ ವಿಷಯ ಕಲಿಸಬೇಕೋ ಅದನ್ನು ಪದವಿಯಲ್ಲಿ ಓದಿರಬೇಕು. ಕೆಲವು ಕಡೆ ಪ್ರವೇಶ ಪರೀಕ್ಷೆ ಇರುತ್ತದೆ, ಕೆಲವು ಕಡೆ ಅಂಕ ನೋಡಿ ಸೀಟು ಕೊಡುತ್ತಾರೆ. ಸೇರಿದ ಮೇಲೆ ಹಾಜರಿ ಬೇಕು, ನಿಜವಾದ ಶಾಲೆಯಲ್ಲಿ ನಿಂತು ಪಾಠ ಮಾಡಿ ತೋರಿಸಬೇಕು. ಎಲ್ಲ ಮುಗಿದ ಮೇಲೂ ಸುಮಾರು ಕಡೆ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯಬೇಕು. ನನಗೆ ಕೇಳಿಯೇ ಸುಸ್ತಾಯಿತು. ಲೆಕ್ಕ ಬರುವವಳಿಗೆ ಇಷ್ಟೆಲ್ಲ ಯಾಕೆ ಎಂದು ಮತ್ತೆ ಅದೇ ರಾಗ ಎಳೆದೆ.

ಟೀಚರ್ ವಾದ ಮಾಡಲಿಲ್ಲ. ಅವರ ಶಾಲೆಯ ಚಿಕ್ಕ ಮಕ್ಕಳಿಗೆ ಕೂರುವ ಮೆತ್ತೆಗಳು ಬೇಕಿದ್ದವು. ಶನಿವಾರ ನೀವಿಬ್ಬರೂ ತಂದುಕೊಡಿ, ಮುಖ್ಯೋಪಾಧ್ಯಾಯಿನಿಯನ್ನು ಕೇಳಿರುತ್ತೇನೆ, ಸೊಸೆ ನನ್ನ ತರಗತಿಯಲ್ಲಿ ಸ್ವಲ್ಪ ಹೊತ್ತು ಪಾಠ ಮಾಡಿ ನೋಡಲಿ ಎಂದರು.

ಶನಿವಾರ ಹೋದೆವು. ಕೋಣೆಯ ಕಿಟಕಿಗಳು ನಿಜವಾಗಿಯೂ ದೊಡ್ಡವು. ಬೆಳಕು ಹಾಲಿನ ಹಾಗೆಯೇ ಇತ್ತು. ಸೊಸೆ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದಳು. ಆಮೇಲೆ ಒಳಗೆ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು. ನಾಲ್ಕನ್ನು ಅರ್ಧದಿಂದ ಭಾಗಿಸಿದರೆ ಎಂಟು ಎಂದು ಹಲಗೆಯ ಮೇಲೆ ಬರೆದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು, ನೋಡಿ ನನ್ನ ಸೊಸೆ ಎಂದು ಬೀಗುತ್ತಿದ್ದೆ.

ನನ್ನ ಮುಂದಿನ ಬೆಂಚಿನಲ್ಲಿದ್ದ ಎರಡು ಜಡೆಯ ಹುಡುಗಿ ಎದ್ದು ನಿಂತಳು.

“ಮಿಸ್, ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ? ಇದು ಯಾಕೆ ಜಾಸ್ತಿ ಆಯ್ತು?”

ಸೊಸೆ ಹಲಗೆ ನೋಡಿದಳು, ಮಗುವನ್ನು ನೋಡಿದಳು. ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಾಯಿಸಿದಳು. ಕೊನೆಗೆ, “ಅದು ನಿಯಮ ಕಣಮ್ಮ. ತಿರುಗಿಸಿ ಗುಣಿಸಬೇಕು, ಅಷ್ಟೇ” ಎಂದಳು. ಹುಡುಗಿ ಕೂತುಕೊಂಡಳು. ಪಕ್ಕದವಳ ಕಿವಿಯಲ್ಲಿ ಏನೋ ಹೇಳಿ ಪುಸ್ತಕ ಮುಚ್ಚಿದಳು. ಲೆಕ್ಕ ಬರುತ್ತದೆ ಎಂದು ನಾನು ಜಂಬ ಕೊಚ್ಚಿದ ಸೊಸೆ ಅಲ್ಲಿ ಒಂಟಿಯಾಗಿ ನಿಂತಿದ್ದಳು.

ಟೀಚರ್ ಎದ್ದು ಹೋಗಿ ಆ ಹುಡುಗಿಗೆ ನಾಲ್ಕು ಹಾಳೆ ಕೊಟ್ಟರು. ಒಂದೊಂದನ್ನೂ ಅರ್ಧಕ್ಕೆ ಹರಿ ಎಂದರು. ಎಷ್ಟು ಅರ್ಧ ಸಿಕ್ಕವು, ಎಣಿಸು ಎಂದರು. ಹುಡುಗಿ ಎಣಿಸಿದಳು. ಆರು, ಏಳು ಎನ್ನುವಾಗಲೇ ಅವಳ ಕಣ್ಣು ದೊಡ್ಡದಾಯಿತು. ನಾಲ್ಕರಲ್ಲಿ ಅರ್ಧ ಎಷ್ಟಿವೆ ಅಂತ ಕೇಳುವುದೇ ಈ ಭಾಗಾಕಾರ ಎಂದರು ಟೀಚರ್. ಓದು ಬಿಟ್ಟು ಯಾವ ಕಾಲವಾಯಿತೋ, ನನಗೂ ಅರ್ಥವಾಗಿಬಿಟ್ಟಿತು.

ವಾಪಸ್ ಬರುವಾಗ ಸೊಸೆ ನನ್ನ ಮುಂದೆ ಮುಂದೆ ನಡೆಯುತ್ತಿದ್ದಳು. ಅವಳ ತಲೆಗೂದಲಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು. ಆಮೇಲೆ ಮೆಲ್ಲಗೆ ಹೇಳಿದಳು.

“ಅತ್ತೆ, ನನಗೆ ಬರೀ ಕಾಗದ ಬೇಡ. ಟೀಚರ್ ಮಾಡಿದ್ರಲ್ಲ, ಅದು ಬೇಕು. ಆ ಮಗು ಪುಸ್ತಕ ಮುಚ್ಚಿದ್ದನ್ನ ನನ್ನ ಕೈಲಿ ನೋಡೋಕಾಗ್ಲಿಲ್ಲ.”

ಸೋಮವಾರ ಕೋಟಿನ ಮಹಾಶಯ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಅಂಕಪಟ್ಟಿಗಳಿಗೆ ಕೈ ಚಾಚಿದ. ಒಂದೇ ಮಾತು ಕೇಳುತ್ತೇನೆ ಎಂದೆ. ನಿಮ್ಮಲ್ಲಿ ಸೇರಿದರೆ ನನ್ನ ಸೊಸೆ ಯಾವ ಶಾಲೆಯಲ್ಲಿ, ಯಾವ ಮಕ್ಕಳ ಮುಂದೆ ನಿಂತು ಕಲಿಯುತ್ತಾಳೆ? ಅವನು ನಕ್ಕು, ಶಾಲೆಗೆ ಹೋಗುವ ತಾಪತ್ರಯವೇ ಇಲ್ಲಮ್ಮ, ಅದೇ ನಮ್ಮಲ್ಲಿರುವ ಅನುಕೂಲ ಎಂದ.

“ಹಾಗಾದ್ರೆ ಆ ಅನುಕೂಲ ನಮಗೆ ಬೇಡಪ್ಪ. ನಿಮ್ಮ ಹಾಸಿಗೆ ಶುಕ್ರವಾರ ರೆಡಿ ಇರುತ್ತೆ” ಎಂದೆ.

ಅರ್ಜಿಯ ಕೊನೆಯ ದಿನ ಹತ್ತಿರವಾಗಿತ್ತು. ಸೊಸೆ ಟೀಚರ್ ಜೊತೆ ವಿಶ್ವವಿದ್ಯಾಲಯಕ್ಕೆ ಹೋಗಿ ಯಾವ ಕಾಲೇಜಿಗೆ ಮಾನ್ಯತೆ ಇದೆ ಎಂದು ಕೇಳಿ ತಿಳಿದುಕೊಂಡಳು. ಅರ್ಜಿ ಕೊಟ್ಟಾಗ ಮೂಲ ಅಂಕಪಟ್ಟಿ ನೋಡಿ ಅಲ್ಲೇ ಹಿಂದಿರುಗಿಸಿದರು, ನಕಲು ಮಾತ್ರ ಇಟ್ಟುಕೊಂಡರು. ಅವಳ ಅಂಕಕ್ಕೆ ಸೀಟು ಸಿಕ್ಕಿತು. ಈಗ ಬೆಳಿಗ್ಗೆ ಅವಳು ಕಾಲೇಜಿಗೆ ಹೊರಟರೆ ಹೊಲಿಗೆಯೆಲ್ಲ ನನ್ನ ತಲೆಗೇ. ಗೊಣಗುತ್ತೇನೆ, ಹೊಲಿಯುತ್ತೇನೆ. ಸಂಜೆ ಬಂದವಳು ನನ್ನನ್ನೇ ಮಗು ಮಾಡಿ ಕೂರಿಸಿಕೊಂಡು ಪಾಠ ಅಭ್ಯಾಸ ಮಾಡುತ್ತಾಳೆ. ಯಾಕೆ, ಯಾಕೆ ಎಂದು ಕೇಳಿ ನಾನೂ ಗೋಳು ಹುಯ್ದುಕೊಳ್ಳುತ್ತೇನೆ. ಸಿಟ್ಟಾಗುವುದಿಲ್ಲ ಅವಳು. ಇನ್ನೊಂದು ದಾರಿಯಲ್ಲಿ ಹೇಳುತ್ತಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಟೀಚರ್ ಆಗುವ ಕನಸು ಕಾಣುವವರು ಇರಬಹುದು. ಕನಸಿಗೆ ನಗಬೇಡಿ, ಅಡ್ಡದಾರಿಯನ್ನೂ ತೋರಿಸಬೇಡಿ. ನಿಯಮಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಯಾರೋ ಹೇಳಿದರೆಂದು ನಂಬದೆ ವಿಶ್ವವಿದ್ಯಾಲಯದ ಪ್ರಕಟಣೆಯನ್ನು ನೀವೇ ಓದಿ, ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ. ಮಾನ್ಯತೆ ಕೇಳದೆ ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ. ಆ ಎರಡು ವರ್ಷ ದಂಡ ಎಂದು ಅನ್ನಿಸಿದರೆ, ನಿಮ್ಮದೇ ಮಗು ತರಗತಿಯಲ್ಲಿ ಎದ್ದು ನಿಂತು “ಯಾಕೆ?” ಎಂದು ಕೇಳುತ್ತಿದೆ ಎಂದುಕೊಳ್ಳಿ. ಅದರ ಮುಂದೆ ಯಾರು ನಿಂತಿರಬೇಕು, ನೀವೇ ಹೇಳಿ.