ಕೊತ್ತಂಬರಿ ಹೂವಿಗೆ ಕತ್ತರಿ ಬೇಡ

ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದು ಅಂಗಡಿ ಮುಚ್ಚಿದ ಟೈಲರಪ್ಪನಿಗೆ ಈಗ ಉಳಿದಿದ್ದ ರಾಜ್ಯವೆಂದರೆ ಮೂರನೇ ಮಹಡಿಯ ಮೇಲಿನ ತಾರಸಿ, ಅಲ್ಲಿನ ಹದಿನೇಳು ಕುಂಡ. ಆ ರಾಜ್ಯಕ್ಕೂ ಕುತ್ತು ಬಂದಿತ್ತು. "ಈ ತಿಂಗಳ ಕೊನೆಯೊಳಗೆ ಆ ಬಳ್ಳೀಲಿ ಒಂದಾದ್ರೂ ಕುಂಬಳಕಾಯಿ ನಿಲ್ಲದಿದ್ರೆ ಕುಂಡ ಎಲ್ಲ ಕೆಳಗೆ, ಬಟ್ಟೆ ಒಣಗಿಸೋ ಹಗ್ಗ ಮೇಲೆ" ಎಂದು ಹೆಂಡತಿ ಗಡುವು ಕೊಟ್ಟಿದ್ದಳು.

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಟೈಲರಪ್ಪನಿಗೆ ಊಟ ಸೇರದಾಯಿತು. ಬಳ್ಳಿಯೇನೋ ಹೂವು ಬಿಡುತ್ತಿತ್ತು, ಹೂವಿನ ಬುಡದಲ್ಲಿ ನೆಲ್ಲಿಕಾಯಿಯಷ್ಟು ಹೀಚೂ ಕಾಣುತ್ತಿತ್ತು, ನಾಲ್ಕೇ ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಹುಳದ ಕಾಟವೇ ಇರಬೇಕೆಂದು ಅವನು ಬೆಳಗಾದರೆ ಔಷಧಿ ಹೊಡೆಯುತ್ತಿದ್ದ. ಸಾಲದ್ದಕ್ಕೆ ಕೈಯಲ್ಲಿ ಕತ್ತರಿ ಬೇರೆ. ಕೊತ್ತಂಬರಿಯ ತುದಿಯಲ್ಲಿ ಬಿಳಿ ಹೂವು ಇಣುಕಿದರೆ ಸಾಕು, ಹೊಲಿದ ಅಂಗಿಯಲ್ಲಿ ದಾರದ ಎಳೆ ಕಂಡವನಂತೆ ಕಚಕ್! ಪುದೀನಕ್ಕೂ ಕ್ಷಮೆಯಿಲ್ಲ, ಸಾಸಿವೆಗೂ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನೋಡಿ.

ಒಂದು ಬೆಳಿಗ್ಗೆ ಹೆಂಡತಿ ಮೇಲೆ ಬಂದು ಸುತ್ತ ಕಣ್ಣಾಡಿಸಿದಳು.

"ರೀ, ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಲುಪಿಸೋಕೆ ಜೇನು ಬೇಕಲ್ವಾ? ಇಲ್ಲಿ ಒಂದೂ ಕಾಣ್ತಿಲ್ಲ. ಯಾರು ಓಡಿಸಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಟೈಲರಪ್ಪ ಔಷಧಿಯ ಪಂಪನ್ನು ಬೆನ್ನ ಹಿಂದೆ ಸರಿಸಿದ.

"ಔಷಧಿ ನಿಲ್ಲಿಸಿ. ಕೊತ್ತಂಬರೀನ ಅದರ ಪಾಡಿಗೆ ಬಿಡಿ, ಹೂವಾಗ್ಲಿ, ಅದನ್ನ ಹುಡುಕ್ಕೊಂಡೇ ಜೇನು ಬರೋದು. ಒಂದು ತಟ್ಟೇಲಿ ಕಲ್ಲು ಹಾಕಿ ನೀರಿಡಿ, ಕುಡಿಯೋಕೆ ಬಂದವು ಮುಳುಗಿ ಸಾಯಬಾರದು. ಆಮೇಲೆ ಸುಮ್ನೆ ಕೂತ್ಕೊಳ್ಳಿ."

"ಸುಮ್ನೆ ಕೂತ್ಕೊಳ್ಳೋದಾ? ನಾನಾ?"

"ಅದೇ ಕಷ್ಟ ಅಂತ ನನಗೂ ಗೊತ್ತು."

ಮೂರನೇ ಮಹಡಿಯಲ್ಲಿ ಕಲ್ಲು ಎಲ್ಲಿ ಹುಡುಕುವುದು? ಮಿಕ್ಕಿದ್ದ ಕೋಟಿನ ದಪ್ಪ ಗುಂಡಿಗಳನ್ನೇ ತಟ್ಟೆಯಲ್ಲಿ ರಾಶಿ ಹಾಕಿ, ಅವುಗಳ ತಲೆ ಮುಳುಗದಷ್ಟು ನೀರು ಸುರಿದ. ಕೊತ್ತಂಬರಿ ಬಾಚದ ತಲೆಯಂತೆ ಕೆದರಿಕೊಂಡು ಬೆಳೆಯಿತು. ಟೈಲರಪ್ಪನ ಬೆರಳುಗಳು ತುರಿಸಿದವು. ಅಯ್ಯೋ, ಆ ಸಂಕಟ ಶತ್ರುವಿಗೂ ಬೇಡ! ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಎಂಟನೇ ದಿನ ಒಂದು ಜೇನು ಬಂತು. ಮಾರನೆಯ ದಿನ ಏಳು. ಬೆಳಗಿನ ಕುಂಬಳದ ಹೂವಿನೊಳಗೆ ಹೊಕ್ಕು, ಮೈಯೆಲ್ಲ ಹಳದಿ ಮಾಡಿಕೊಂಡು ಹೊರಬಂದವು.

ತಿಂಗಳ ಕೊನೆಯ ದಿನ ಒಂದು ಹೀಚು ಉದುರದೆ ನಿಂತು ಮುಷ್ಟಿಯ ಗಾತ್ರಕ್ಕೆ ಬಂದಿತ್ತು. ಟೈಲರಪ್ಪ ಮೆಟ್ಟಿಲ ಬಳಿ ನಿಂತು ಕೂಗಿದ: "ಬಾರೇ, ನೋಡು, ನನ್ನ ಕಾಯಿ!"

ಹೆಂಡತಿ ಬಗ್ಗಿ ನೋಡಿದಳು. "ನಿಮ್ಮದೇನು ಬಂತು ಮಣ್ಣು? ಜೇನು ದುಡೀತು, ನೀವು ಕೂತಿದ್ರಿ."

"ಹಾಗಾದ್ರೆ ಹಗ್ಗ ಕಟ್ತೀಯಾ?"

"ಹಗ್ಗ ಯಾರಿಗೆ ಬೇಕಿತ್ತು? ನಲವತ್ತು ವರ್ಷ ಅಂಗಡಿ ಅಂದ್ರಿ, ಆಮೇಲೆ ಈ ಕುಂಡ ಅಂದ್ರಿ. ನೀವು ಸುಮ್ನೆ ಕೂತಿದ್ದು ನಾನು ನೋಡಿದ್ದೇ ಈಗ. ಸ್ವಲ್ಪ ಸರಿದು ಕೂತ್ಕೊಳ್ಳಿ, ನನಗೂ ಜಾಗ ಬೇಕು."

ಟೈಲರಪ್ಪನಿಗೆ ಹಿಗ್ಗೋ ಹಿಗ್ಗು. ಸರಿದು ಕೂತ.