ತೀರ್ಥಪ್ಪನ ಎಡಗಾಲು

ಶಿವಮೂರ್ತಪ್ಪ ತಮ್ಮನ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೊಮ್ಮೆ ಮಡಿಸಲು ನೋಡಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಪಕ್ಕಕ್ಕೆ ವಾಲಿತು. ಮೊಣಕಾಲು ಮಣಿಯಲಿಲ್ಲ.

"ಬಿಡಿ ಭಾವ. ಬದುಕಿದ್ದಾಗ್ಲೇ ಮಡಚ್ಲಿಲ್ಲ," ಎಂದಳು ತೀರ್ಥಪ್ಪನ ಹೆಂಡತಿ ಕರಿಬಸಮ್ಮ.

"ಚಕ್ಕಳಮಕ್ಳ ಕೂರಿಸ್ದೆ ನಮ್ಮಲ್ಲಿ ಯಾರ್ನಾದ್ರೂ ಮಣ್ಣು ಮಾಡಿದ್ದು ಕಂಡಿದ್ದೀಯೇನಮ್ಮ? ಓಬಳಪ್ಪ, ಹಾರೆ ತಾ. ಒಂದೇಟು. ಸತ್ತೋನಿಗೇನು ನೋವಾಗಲ್ಲ."

ಗುಣಿ ತೋಡಿ ಬಂದು ಜಗಲಿಯ ಕೆಳಗೆ ಕೂತಿದ್ದ ಓಬಳಪ್ಪ ಏಳಲಿಲ್ಲ. "ಮಣ್ಣಿಗೆ ಹಾಕೋದಾದ್ರೆ ಹೇಳಿ ಯಜಮಾನ್ರೇ. ಇದು ನನ್ ಕೈಲಾಗಲ್ಲ."

"ಹಂಗಾದ್ರೆ ಏಟು ನಾನೇ ಹಾಕ್ತೀನಿ."

ಕರಿಬಸಮ್ಮ ಹೋಗಿ ಆ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಳು. "ಇದರ ಮೇಲೆ ಹಾಕಿ."

*

ಮದ್ರಾಸಿನ ಕಂಪನಿಯೊಂದು ಕಂತು ಕಂತಾಗಿ ತೆಗೆದ ಫೈಟಿಂಗ್ ಪಿಕ್ಚರಿನಲ್ಲಿ ತೀರ್ಥಪ್ಪ ಮುಖವಾಡದ ವೀರ. ಪ್ರತಿ ಕಂತಿನ ಕೊನೆಗೆ ಬಂಡೆಯಿಂದಲೋ ಕುದುರೆಯಿಂದಲೋ ಬೀಳುವುದು ಅವನ ಕೆಲಸ. ಮುಂದಿನ ಕಂತಿನಲ್ಲಿ ಮುಖವಾಡ ತೆಗೆದು ಏಳುವವನು ಹೀರೋ. ಒಂಬತ್ತನೆಯ ಕಂತಿನಲ್ಲಿ ಬಿದ್ದಾಗ ಮಂಡಿ ಒಡೆಯಿತು. ಡಾಕ್ಟರು ಕಬ್ಬಿಣದ ಸರಳು ಹಾಕಿದರು. ಕಂಪನಿ ಮುಖವಾಡವನ್ನು ಬೇರೊಬ್ಬನಿಗೆ ಕಟ್ಟಿತು. ತೀರ್ಥಪ್ಪ ಊರಿಗೆ, ಅಜ್ಜಂಪುರಕ್ಕೆ, ಬಂದು ಮದುವೆಯಾದ.

ಎಪ್ಪತ್ತೆರಡನೇ ಇಸವಿಯಲ್ಲಿ ಆ ಕಂತುಗಳನ್ನೆಲ್ಲ ಒಂದು ಮಾಡಿ ತರೀಕೆರೆಯ ಟೆಂಟಿನಲ್ಲಿ ಹಾಕಿದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಕರಿಬಸಮ್ಮ ಗಂಡ ಓಡುವುದನ್ನು ಮೊದಲ ಸಲ ನೋಡಿದಳು.

"ಅದು ನಾನೇ ಕಣೇ," ಎಂದ ತೀರ್ಥಪ್ಪ.

ಮುಂದೆ ಕೂತಿದ್ದವನೊಬ್ಬ ತಿರುಗಿದ. "ಹೌದಪ್ಪ, ಆ ಕುದುರೆ ನಾನು."

ಸುತ್ತಲಿನವರು ನಕ್ಕರು. ತೀರ್ಥಪ್ಪನೂ ನಕ್ಕ. ಪರದೆಯ ಮೇಲೆ ಅವನು ಬಂಡೆಯಿಂದ ಬೀಳುವ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡಳು.

"ನೋಡೇ, ಅದೊಂದು ನೋಡು," ಎಂದು ಅವನು ಅವಳ ಕೈ ಎಳೆದ.

ಅವಳು ನೋಡಲಿಲ್ಲ.

*

ಪೂಜೆಗೆ ಬಂದಿದ್ದ ಅಯ್ಯನೋರು ಮಲ್ಲಿಕಾರ್ಜುನಯ್ಯ ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟರು.

"ಲಿಂಗ ಅಂಗೈಯಲ್ಲಿ ನೆಟ್ಟಗೆ ಕೂತ್ರೆ ಸಾಕು. ಕಾಲಿನ ಶಾಸ್ತ್ರ ನಾನು ಓದಿಲ್ಲ. ಓಬಳಪ್ಪ, ಗುಣಿ ಇನ್ನೆಷ್ಟು ಉದ್ದ ಬೇಕಾಗುತ್ತೆ?"

"ಎರಡು ಮೊಳ, ಸ್ವಾಮಿ."

"ಜನ ಆಡ್ಕೋತಾರೆ," ಎಂದ ಶಿವಮೂರ್ತಪ್ಪ.

"ಇದ್ದಾಗ ಬಿಟ್ಟಿದ್ರಾ?" ಎಂದಳು ಕರಿಬಸಮ್ಮ.

ಸಂಜೆಗೆ ಹೊಲದ ಅಂಚಿನಲ್ಲಿ ಚೌಕ ಗುಡ್ಡೆಯೊಂದು ಎದ್ದಿತ್ತು. ಅದರ ಮಗ್ಗುಲಿನಿಂದ ಹೊರಟ ಸಣ್ಣ ದಿಬ್ಬ ಕಾಲುದಾರಿಗೆ ಅಡ್ಡಲಾಗಿ ಬೇಲಿಯವರೆಗೆ ಚಾಚಿತ್ತು. ಗಂಡಸರು ಒಬ್ಬೊಬ್ಬರಾಗಿ ಅದನ್ನು ದಾಟಿ ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು.

"ಬಾರಮ್ಮ, ಹೊತ್ತಾಯ್ತು," ಎಂದ ಶಿವಮೂರ್ತಪ್ಪ ಆಚೆಯಿಂದ.

ಕರಿಬಸಮ್ಮ ಸೀರೆಯನ್ನು ಹಿಡಿದೆತ್ತಿಕೊಂಡು, ಬೇಲಿಯ ಮುಳ್ಳಿಗೆ ಮೈ ಒತ್ತಿ, ದಿಬ್ಬದ ತುದಿಯನ್ನು ಸುತ್ತಿಕೊಂಡು ಬಂದಳು.